ವಾಸ್ಕೋ–ಪಣಜಿ ಮಿನಿಬಸ್ಸಿನಾಗ ಕಂಡಕ್ಟರ್ ಕೆಲಸ: ನನ್ನ ಅನುಭವ

ಗೋವಾದಾಗ ಪ್ರೈವೇಟ್ ಮಿನಿಬಸ್ ಅಂದ್ರ ಹೆಸರಿಗಷ್ಟೇ ಬಸ್, ನಡಿಯೋದು ಮಾತ್ರ ಶೇರ್ ಟ್ಯಾಕ್ಸಿ ಲೆಕ್ಕದಾಗ. ಕೈ ಮಾಡಿದಲ್ಲೆ ನಿಲ್ಲತೈತಿ, ಸೀಟಿ ಊದಿದ್ರ ಹೊಂಡತೈತಿ, ಕುಂದರಾಕ ಜಾಗ ಇಲ್ಲಂದ್ರೂ ನಿಂದರಾಕ ಎಲ್ಲೋ ಒಂದು ಕಡೆ ಜಾಗ ಹುಟ್ಟತೈತಿ. ನಾನು ವಾಸ್ಕೋ–ಪಣಜಿ ರೂಟಿನಾಗ ಕೆಲವು ವರ್ಷ ಕಂಡಕ್ಟರ್ ಇದ್ದೆ, ಈಗ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಒಂದು ಕಂಪನಿಗೆ ಸ್ಟಾಫ್ ವ್ಯಾನ್ ಓಡಸ್ತೀನಿ. ಊರಾಗಿನ ಹುಡುಗ್ರು ಫೋನ್ ಮಾಡಿ "ಅಣ್ಣಾ, ಬಸ್ ಲೈನ್ ಹೆಂಗೈತಿ, ಬರ್ಲೇನು" ಅಂತ ಕೇಳ್ತಿರ್ತಾರ, ಎಲ್ಲರಿಗೂ ಸೇರಿಸಿ ಒಮ್ಮೆ ಬರದ ಬಿಡ್ತೀನಿ.

ಕಂಡಕ್ಟರ್ ಅಂದ್ರ ರೊಕ್ಕ ಇಸ್ಕೊಳ್ಳೋದು ಅಂತ ಮಂದಿ ತಿಳ್ಕೊಂಡಾರ. ರೊಕ್ಕ ಸಣ್ಣ ಕೆಲಸ ರೀ, ನಿಜವಾದ ಕೆಲಸ ಮುಂದಿನ ಬಸ್ ಎಲ್ಲೈತಿ ಹಿಂದಿನ ಬಸ್ ಎಲ್ಲೈತಿ ಅಂತ ತಲಿಯಾಗ ಇಟ್ಕೊಳ್ಳೋದು. ಪ್ರತಿ ಬಸ್ಸಿಗೂ ಸ್ಟ್ಯಾಂಡ್ ಬಿಡೋ ಟೈಮ್ ಇರತೈತಿ. ಮುಂದಿನವ ಈಗಷ್ಟೇ ಹೋಗ್ಯಾನ ಅಂದ್ರ ಸ್ಟಾಪಿನಾಗ ಪಿಳ್ಳಿ ಸೈತ ಇರಂಗಿಲ್ಲ, ಅವಾಗ ಚಿಕಲಿಂ ದಾಟೂ ಮಟ ಎತ್ತಿನ ಬಂಡಿ ಹೋದಂಗ ಹೋಗೋದು, ಹಿಂದಿನವನ ಹಾರ್ನ್ ಕಿವಿಗೆ ಬಿತ್ತೋ ಅಲ್ಲಿಂದ ದಾಬೋಳಿ ಏರ್‌ಪೋರ್ಟ್ ದಾಟಿ ಬಿರ್ಲಾ ಸ್ಟಾಪ್ ಮುಟ್ಟೋತನಕ ಓಟ. "ಒಮ್ಮೆ ತೆವಳ್ತೀರಿ ಒಮ್ಮೆ ಹಾರಸ್ತೀರಿ" ಅಂತ ಪ್ಯಾಸೆಂಜರ್ ಬೈತಾರ. ಬೈಯೋದು ಖರೇನ ಐತಿ. ಆದ್ರ ನಮ್ಮ ಪಗಾರ ಅವತ್ತಿನ ಕಲೆಕ್ಷನ್ ಮ್ಯಾಲೆ, ಡೀಸೆಲ್ ತಗದು ಮಾಲಕರ ಪಾಲು ತಗದು ಉಳಿದದ್ದರಾಗ ಡ್ರೈವರ್ ಮತ್ತ ನಾನು. ಕದಂಬ ಬಸ್ ಸರ್ಕಾರದ್ದು, ಅಲ್ಲೆ ತಿಂಗಳ ಪಗಾರ, ಹಂಗಾಗಿ ಅವರು ಹಿಂದ ನೋಡಂಗಿಲ್ಲ. ರೇಸ್ ನಿಲ್ಲಬೇಕಂದ್ರ ಡ್ರೈವರ್‌ಗೆ ದಂಡ ಹಾಕಿದ್ರ ಸಾಲಂಗಿಲ್ಲ, ಈ ಪಾಲಿನ ಲೆಕ್ಕಾನ ಬದಲಾಗಬೇಕು.

ಒಂದೊಂದು ಸ್ಟಾಪಿಗೆ ಒಂದೊಂದು ಮಂದಿ. ವಾಸ್ಕೋದಾಗ ಮೀನಿನ ಬುಟ್ಟಿ ಹೊತ್ತ ಅಕ್ಕಾರು, ಅವರ ಬುಟ್ಟಿ ಹಿಂದ ಇಡಬೇಕು, ಅದಕ್ಕ ಲಗೇಜ್ ಕೇಳಿದ್ರ ಅರ್ಧ ಬಸ್ಸು ಅವರ ಪರ ಮಾತಾಡತೈತಿ, ಹಂಗಾಗಿ ನಾನು ಕೇಳೋದ ಬಿಟ್ಟೆ. ಬಿರ್ಲಾ ಅಂದ್ರ ಜುವಾರಿ ನಗರ, ಅಲ್ಲೆ ನಮ್ಮವರ ರಾಜ್ಯ, ಬಾಗಲಕೋಟಿ ಬಿಜಾಪುರ ಗದಗ ಕಡೆಯವ್ರು, ಅಲ್ಲಿತನಕ ಕೊಂಕಣಿಯಾಗ "ಫುಡೆಂ ವಸ್" ಅಂತ ಒದರಿದವ ಅಲ್ಲಿಂದ "ಒಳಗ ಸರೀರಿ ಯಪ್ಪಾ" ಅಂತ ಶುರು ಮಾಡ್ತಿದ್ದೆ. ಬಾಂಬೋಳಿ ಮೆಡಿಕಲ್ ಕಾಲೇಜ್ ಸ್ಟಾಪ್ ಮಾತ್ರ ಬ್ಯಾರೆ, ಅಲ್ಲೆ ಇಳಿಯೋರು ಎಕ್ಸ್‌ರೇ ಕವರ್ ಹಿಡ್ಕೊಂಡ ಮುದಕ್ರು, ಹಿಂದ ಯಾವ ಬಸ್ಸರೆ ಬರ್ಲಿ ಅವರು ಪೂರಾ ಇಳಿಯೂ ಮಟ ನಾನು ಸೀಟಿ ಊದ್ತಿರಲಿಲ್ಲ. ಮೊದಲ ಕುಠ್ಠಾಳಿಯಾಗ ಹಳೇ ಸೇತುವಿ ಮ್ಯಾಲೆ ಜಾಮ್ ಆತಂದ್ರ ಟೈಮೂ ಹೋತು ಟ್ರಿಪ್ಪೂ ಹೋತು. 2022ರ ಡಿಸೆಂಬರ್ ಕೊನಿಗೆ ಹೊಸ ಜುವಾರಿ ಸೇತುವಿ ಒಂದು ಬದಿ, ಮುಂದಿನ ವರ್ಷ ಡಿಸೆಂಬರಿಗೆ ಇನ್ನೊಂದು ಬದಿ ಓಪನ್ ಆದಮ್ಯಾಲೆ ಆ ತ್ರಾಸ ಭಾಳ ಕಡಿಮಿ ಆತು.

ರಾತ್ರಿ ಕತಿ ಬ್ಯಾರೆ. ಎಂಟು ದಾಟಿತಂದ್ರ ಬಸ್ ಸಿಗೋದು ಕಷ್ಟ. ಮಾಲಕರು ಕೆಟ್ಟವರು ಅಂತಲ್ಲ, ಪಣಜಿಯಿಂದ ಮನಿಗೆ ಹೋಗೋ ಮಂದಿ ತುಂಬಿರ್ತಾರ ಆದ್ರ ಅದ ಗಾಡಿ ಮತ್ತ ಪಣಜಿಗೆ ಖಾಲಿ ಬರಬೇಕು, ಆ ಖಾಲಿ ಟ್ರಿಪ್ಪಿನ ಡೀಸೆಲ್ ಯಾರು ಕೊಡ್ತಾರ? ಓಲಾ ಊಬರ್ ಇಲ್ಲೆ ಓಡಂಗಿಲ್ಲ, ಗೋವಾಮೈಲ್ಸ್ ಆ್ಯಪ್ ಐತಿ ಆದ್ರ ಅದು ಪೂರ್ತಿ ಗಾಡಿ ಬಾಡಿಗಿ, ಗಾರೆ ಕೆಲಸದವಗ ಎಲ್ಲಿ ಆಗಬೇಕು. ಹಳದಿ ಮಡ್‌ಗಾರ್ಡಿನ ಬೈಕ್ ಪೈಲಟ್, ಅಂದ್ರ ಬಾಡಿಗಿ ಬೈಕಿನವ, ಸಿಕ್ರ ನಸೀಬು, ಅದರಾಗೂ ಒಬ್ರಿಗಷ್ಟೇ ಜಾಗ.

ಈಗ ನಾನು ರಾತ್ರಿ ಶಿಫ್ಟಿನವ್ರನ್ನ ಬಿಟ್ಟು ವ್ಯಾನ್ ಖಾಲಿ ತರ್ತೀನಿ, ರಸ್ತೆ ಬದಿಗೆ ನಮ್ಮ ಊರಿನ ಮಂದೀನ ಕೈ ಮಾಡ್ತಾರ. ಹತ್ತಿಸ್ಕೊಳ್ಳಾಂಗಿಲ್ಲ. 1988ರ ಮೋಟಾರ್ ವಾಹನ ಕಾಯ್ದೆಯಾಗ ದಾರಿಯಾಗ ಹತ್ತಿಸಿ ಇಳಿಸಿ ತಲಿಗಿಷ್ಟು ಅಂತ ತಗೊಳ್ಳೋದು ಸ್ಟೇಜ್ ಕ್ಯಾರೇಜ್, ನಂದು ಕಾಂಟ್ರ್ಯಾಕ್ಟ್ ಕ್ಯಾರೇಜ್, ಮೊದಲ ಒಪ್ಪಂದ ಆದ ಮಂದಿ ಬಿಟ್ಟು ನಡುವ ಯಾರನ್ನೂ ಹತ್ತಿಸಬಾರದು. ಮುಂಬೈದಾಗ ಚರ್ಚ್‌ಗೇಟಿನಿಂದ ನರಿಮನ್ ಪಾಯಿಂಟಿಗೆ ಕಾಳಿ-ಪೀಳಿ ಶೇರ್ ಟ್ಯಾಕ್ಸಿ ನೋಡ್ರಿ, ಲೈನ್ ಹಚ್ಚಿ ನಿಂದರ್ತಾರ, ಸೀಟು ತುಂಬಿದ್ರ ಗಾಡಿ ಬಿಡ್ತಾರ. ಅಂಥಾದ್ದೊಂದು ಸ್ಟ್ಯಾಂಡ್ ರಾತ್ರಿ ಹೊತ್ತಿಗಷ್ಟೇ ಕುಠ್ಠಾಳಿ ಸರ್ಕಲ್‌ನಾಗ ಮಾಡಿ ನಮ್ಮಂಥ ವ್ಯಾನಿಗೆ ಪರ್ಮಿಟ್ ಕೊಟ್ರ ಮಿನಿಬಸ್ಸಿನವ್ರಿಗೂ ಲುಕ್ಸಾನಿಲ್ಲ, ಅವರು ಆ ಹೊತ್ತಿಗೆ ಓಡಸೋದ ಇಲ್ಲ.

ಕೆಲಸಕ್ಕ ಬರೋ ಹುಡುಗ್ರು ಇಷ್ಟು ಕೇಳ್ರಿ. ಕಂಡಕ್ಟರ್ ಬ್ಯಾಜ್ ಇಲ್ಲದ ಬಾಗಿಲಾಗ ನಿಂದರಬ್ಯಾಡ್ರಿ, ಮಾಲಕರು ನಡಿತೈತಿ ಅಂದ್ರೂ ಆರ್‌ಟಿಓದವ್ರು ಹಿಡಿಯೋದು ನಿಮ್ಮನ್ನ. ಪಾಲು ಎಷ್ಟು, ಗಾಡಿ ಕೆಟ್ಟು ನಿಂತ ದಿನ ಏನು ಕೊಡ್ತೀರಿ ಅಂತ ಮೊದಲನ ದಿನ ಕೇಳ್ರಿ. ಚಿಲ್ಲರಿ ಮುಂಜಾನಿ ಮೀನಿನ ಅಕ್ಕಾರ ಹತ್ರ ಸಿಗತೈತಿ, ನೋಟು ಕೊಟ್ರ ನಗಾಡಕೋತ ಎಣಿಸಿ ಕೊಡ್ತಾರ.