ಭಾನುವಾರ ಹಾಡು ನಡೆಸುವ ಹುಡುಗರಿಗೆ: ಸಭೆ ಹಾಡಲಿ, ನೋಡುತ್ತಾ ನಿಲ್ಲದಿರಲಿ

ಹಾಡಿನ ತಂಡಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದು ಕೇಳುವುದು ಒಂದೇ ಪ್ರಶ್ನೆ. “ಕಾಕಾ, ಚರ್ಚಿನಲ್ಲಿ ಡ್ರಮ್ ಇಟ್ಟರೆ ತಪ್ಪಾ?” ತಪ್ಪೇನಿಲ್ಲ. ಬೈಬಲಿನ 150ನೇ ಕೀರ್ತನೆ ತೆಗೆದು ಓದಿ. ಕೊಂಬು, ಸ್ವರಮಂಡಲ, ಕಿನ್ನರಿ, ದಮ್ಮಡಿ, ಕೊಳಲು, ತಾಳ ಎಲ್ಲ ಇವೆ. ಕುಣಿತವೂ ಇದೆ.

ನಮ್ಮ ಹಿರಿಯರು ಇದನ್ನು ಒಪ್ಪುವುದಿಲ್ಲ. ಹಾರ್ಮೋನಿಯಂ ಇದ್ದಾಗಲೇ ಭಕ್ತಿ ಇತ್ತು, ಕೀಬೋರ್ಡ್ ಬಂದು ಎಲ್ಲ ಹಾಳಾಯಿತು ಅನ್ನುತ್ತಾರೆ. ನಮ್ಮ ಬಾಗಲಕೋಟೆ ಕಡೆಯ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ನಿನವರು, ಅಂದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳು, ಬಂದದ್ದು 1851ರಲ್ಲಿ. ಹಾರ್ಮೋನಿಯಂ ಕೂಡ ಅವರ ಹಾಗೆ ಯುರೋಪಿನ ಕಡೆಯದೇ. ನಮ್ಮ ಸಂಗೀತಕ್ಕೆ ಇದು ಒಗ್ಗುವುದಿಲ್ಲ ಅಂತ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಈಗ ಅದೇ ಪೆಟ್ಟಿಗೆ ನಮಗೆ ಭಕ್ತಿಯ ಗುರುತು! ನಾನೂ ಅದನ್ನೇ ಬಾರಿಸುತ್ತಾ ಬೆಳೆದವನು, ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೂ ವಾದ್ಯ ಯಾವುದು ಅನ್ನುವುದರ ಮೇಲೆ ಜಗಳ ಮಾಡುವುದು ದಂಡ.

ಕೇಳಬೇಕಾದ್ದು ಬೇರೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿ ಹಾಡುತ್ತಿದ್ದಾರಾ? ಇದನ್ನು ತಿಳಿಯಲು ಸುಲಭದ ದಾರಿ ಇದೆ. ಎರಡನೇ ಚರಣ ನಡೆಯುವಾಗ ಒಂದು ಸಾಲಿನ ಮಟ್ಟಿಗೆ ವಾದ್ಯ ಪೂರ್ತಿ ನಿಲ್ಲಿಸಿ, ಮೈಕಿನವರೂ ಬಾಯಿ ಹಿಂದಕ್ಕೆ ತೆಗೆಯಲಿ. ಹಾಡು ತಾನಾಗಿ ಮುಂದೆ ಹೋದರೆ ಸಭೆ ನಿಮ್ಮ ಜೊತೆ ಇದೆ. ಅಲ್ಲೇ ನಿಂತುಹೋದರೆ ಅವರು ಅಷ್ಟೊತ್ತು ನಿಮ್ಮ ಕಾರ್ಯಕ್ರಮ ನೋಡುತ್ತಿದ್ದರು ಅಂತಲೇ ಲೆಕ್ಕ.

ಜನ ಹಾಡದಿರಲು ಮೊದಲ ಕಾರಣ ಶ್ರುತಿ. ಯೂಟ್ಯೂಬಿನಲ್ಲಿ ಹಾಡುವವರು ತರಬೇತಾದವರು, ತಮ್ಮ ಕಂಠಕ್ಕೆ ಹೊಂದುವ ಎತ್ತರದಲ್ಲಿ ಹಾಡಿರುತ್ತಾರೆ. ನಮ್ಮ ಹುಡುಗರು ಅದನ್ನು ಹಾಗೇ ಎತ್ತಿಕೊಂಡು ಬರುತ್ತಾರೆ. ಪಲ್ಲವಿ ಹೇಗೋ ದಾಟುತ್ತದೆ. ಚರಣದಲ್ಲಿ ಸ್ವರ ಮೇಲೆ ಹೋದ ಕೂಡಲೇ ಗಂಡಸರು ಸುಮ್ಮನಾಗುತ್ತಾರೆ, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಾರೆ. ಆದ್ದರಿಂದ ಶ್ರುತಿ ಹಿಡಿಯುವಾಗ ಹಾಡಿನ ಮೊದಲ ಸ್ವರ ನೋಡಬೇಡಿ, ಅತಿ ಎತ್ತರದ ಸ್ವರ ಹುಡುಕಿ. ಕೀಬೋರ್ಡಿನ ನಡುವಿನ ‘ಸಿ’ ಇಂದ ಒಂದು ಸಪ್ತಕ ಮೇಲೆ ಹೋಗಿ, ಅದರ ಪಕ್ಕದ ಬಿಳಿ ಮನೆ, ಅಂದರೆ ‘ಡಿ’. ಹಾಡು ಅದನ್ನು ದಾಟಬಾರದು. ದಾಟಿದರೆ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಇಳಿಸಿ. ಗಂಡಸರು ಅದನ್ನೇ ಒಂದು ಸಪ್ತಕ ಕೆಳಗೆ ಹಾಡಿಕೊಳ್ಳುತ್ತಾರೆ, ಹೇಳಿಕೊಡಬೇಕಿಲ್ಲ. ಇಳಿಸಿದರೆ ಹಾಡಿನ ಖದರು ಹೋಗುತ್ತದೆ ಅಂತ ನಿಮ್ಮ ಮುಖ್ಯ ಗಾಯಕ ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ.

ಇನ್ನು ಸೌಂಡು. ನಮ್ಮ ಕಡೆಯ ಹಳೇ ಚರ್ಚುಗಳು ಚಿಕ್ಕವು, ಗೋಡೆ ಕಲ್ಲಿನವು. ಖಾಲಿ ಇದ್ದಾಗ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದು ಹೇಗೆ ತಿರುಗಿ ಬರುತ್ತದೆ ಅಂತ. ಗೋಡೆಯೇ ಇಷ್ಟು ಎಕೋ ಕೊಡುವಾಗ ಮಿಕ್ಸರಿನಲ್ಲಿ ಮತ್ತೆ ಎಕೋ ಯಾಕೆ? ಆ ಗುಂಡಿ ಸೊನ್ನೆಗೆ ತನ್ನಿ. “ಏನ್ ಹಾಡಿದ್ರೋ ತಮ್ಮಾ, ಒಂದಕ್ಷರಾನೂ ತಿಳೀಲಿಲ್ಲ” ಅಂತ ಒಬ್ಬ ಅಮ್ಮ ಬಾಗಿಲಲ್ಲಿ ನಮ್ಮ ಹುಡುಗರಿಗೆ ಹೇಳಿದ್ದು ಈ ಗುಂಡಿಯ ದೆಸೆಯಿಂದಲೇ. ಮೊದಲು ಹಾಡುವವರ ದನಿ ಹೊಂದಿಸಿ, ಆಮೇಲೆ ಅದರ ಕೆಳಗೆ ಕೀಬೋರ್ಡು, ಅದರ ಕೆಳಗೆ ತಬಲಾ ಅಥವಾ ಡ್ರಮ್. ಎಲೆಕ್ಟ್ರಾನಿಕ್ ಪ್ಯಾಡ್ ಆದರೆ ಇನ್ನೂ ಒಳ್ಳೆಯದು, ಅದಕ್ಕೆ ವಾಲ್ಯೂಮ್ ಇರುತ್ತದೆ. ಹೊರಗಿನ ಕಡೆ ಸ್ಪೀಕರ್ ತಿರುಗಿಸಲೇಬೇಡಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ. ಪಕ್ಕದ ಮನೆಯವರನ್ನು ನಿದ್ದೆಯಿಂದ ಎಬ್ಬಿಸುವುದು ಸುವಾರ್ತೆ ಅಲ್ಲ, ಅಲ್ವಾ?

ತಂಡ ಎಲ್ಲಿ ನಿಲ್ಲಬೇಕು? ಪಕ್ಕದಲ್ಲಿ. ಪೀಠದ ನಡುವೆ ಬೇಡ, ಬಣ್ಣದ ಲೈಟೂ ಬೇಡ. ಎದುರಿಗೆ ಶಿಲುಬೆ ಕಾಣಲಿ.

ಹಾಡುಗಳ ನಡುವಿನ ಮಾತು ಹಾಡಿಗಿಂತ ಜಾಸ್ತಿ ಕೆಡಿಸುತ್ತದೆ. “ಕೇಳಿಸ್ತಿಲ್ಲ, ಇನ್ನೂ ಜೋರಾಗಿ!” ಅಂತ ಕೂಗುವುದು ಆರ್ಕೆಸ್ಟ್ರಾದವರ ಚಟ. ಅದರ ಬದಲು ಮುಂದಿನ ಹಾಡಿಗೆ ಸಂಬಂಧಪಟ್ಟ ಒಂದು ವಚನ ಓದಿ, ಸಾಕು. ಯಾರಾದರೂ ಒಬ್ಬರೇ ಹಾಡಿದ ಮೇಲೆ ಸಭೆ ಚಪ್ಪಾಳೆ ತಟ್ಟುವ ಅಭ್ಯಾಸ ಬಿದ್ದಿದ್ದರೆ ಬೈಯಬೇಡಿ. ಪಾಸ್ಟರಿಗೆ ಮೊದಲೇ ಹೇಳಿಡಿ, ಕೊನೆಯ ಸ್ವರ ನಿಲ್ಲುವ ಮುಂಚೆ “ಪ್ರಾರ್ಥಿಸೋಣ” ಅನ್ನಲಿ. ಎಲ್ಲರೂ ತಾವಾಗಿ ತಲೆ ಬಾಗಿಸುತ್ತಾರೆ.

ಪಾಪ ಅರಿಕೆಯ ನಂತರ ಮೌನ ಇರಬೇಕು. ಆಗ ಹಿಂದೆ ಮೆಲ್ಲಗೆ ಕೀಬೋರ್ಡ್ ಎಳೆಯುವುದು ಈಗಿನ ಫ್ಯಾಶನ್. ಕೈ ತೆಗೆಯಿರಿ. ಮನಸ್ಸಿನಲ್ಲಿ “ಪರಲೋಕದ ತಂದೆಯೇ” ಪ್ರಾರ್ಥನೆ ಒಮ್ಮೆ ನಿಧಾನಕ್ಕೆ ಹೇಳಿ ಮುಗಿಸುವಷ್ಟು ಹೊತ್ತು ಯಾವ ಸದ್ದೂ ಬೇಡ. ಮೊದಮೊದಲು ಜನ ಕೆಮ್ಮುತ್ತಾರೆ, ಕತ್ತು ತಿರುಗಿಸಿ ನೋಡುತ್ತಾರೆ, ಕರೆಂಟ್ ಹೋಯಿತಾ ಅಂತ. ಬಿಡಬೇಡಿ, ಅಭ್ಯಾಸವಾಗುತ್ತದೆ. ಕರ್ತನ ಭೋಜನದ, ಅಂದರೆ ರೊಟ್ಟಿ-ದ್ರಾಕ್ಷಾರಸ ಹಂಚುವ, ಹೊತ್ತಿನಲ್ಲಿ ಮೊಬೈಲ್ ಹಿಡಿದು ಲೈವ್ ಮಾಡುತ್ತಾ ಓಡಾಡುವವರನ್ನು ಮಾತ್ರ ಮುಲಾಜಿಲ್ಲದೆ ಕೂರಿಸಿ.

ಹಳೇ ಹಾಡು ಅಂದರೆ ತಾನಾಗಿ ಭಕ್ತಿ ಅಂತಲೂ ತಿಳಿಯಬೇಡಿ. ನಾಲ್ಕು ದನಿಯ ಕ್ವಾಯರ್ ಕ್ರಿಸ್‌ಮಸ್‌ಗೆ ಎದೆ ಉಬ್ಬಿಸಿ ಹಾಡುವುದೂ ಪ್ರದರ್ಶನ ಆಗಬಹುದು. ಹಳೇ ಕಾಲದ ಬಿಷಪ್ ಸಂತ ಅಗಸ್ಟೀನರು ಇದನ್ನು ಬರೆದಿಟ್ಟು ಶತಮಾನಗಳೇ ಆದವು. ಹಾಡಿನ ಅರ್ಥಕ್ಕಿಂತ ಹಾಡಿಕೆಯೇ ತನ್ನನ್ನು ಹೆಚ್ಚು ಕರಗಿಸಿದರೆ ಅದು ಪಾಪ ಅಂತ ಅವರು ಒಪ್ಪಿಕೊಂಡರು. ಹಾಗಂತ ಹಾಡನ್ನೇ ಬಿಡಿ ಅನ್ನಲಿಲ್ಲ. ನನ್ನ ಮಟ್ಟಿಗೆ ಶುಭ ಶುಕ್ರವಾರ ಒಂದು ದಿನವಾದರೂ ವಾದ್ಯಗಳನ್ನು ಮುಚ್ಚಿಡಬೇಕು, ಬರೀ ಬಾಯಿಹಾಡು ಸಾಕು. ವರ್ಷವಿಡೀ ಸಭೆಗೆ ಹಾಡಲು ಬಿಟ್ಟಿದ್ದೀರೋ ಇಲ್ಲವೋ ಅವತ್ತು ಗೊತ್ತಾಗುತ್ತದೆ.

ಮೋಜು ಬೇಡ ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಬೇರೆ ಜಾಗ ಕೊಡಿ. ಸುಗ್ಗಿ ಹಬ್ಬದಲ್ಲಿ ಜನ ಜೋಳ, ಕುಂಬಳಕಾಯಿ, ಮೆಣಸಿನಕಾಯಿ, ಕೋಳಿ, ಮಗ್ಗದ ಮನೆಯವರಾದರೆ ಖಣದ ತುಂಡು ತಂದು ಪೀಠದ ಮುಂದೆ ಇಡುತ್ತಾರೆ. ಅಲ್ಲಿಯವರೆಗೆ ಆರಾಧನೆ. ಆಶೀರ್ವಾದ ಆದ ಮೇಲೆ ಎಲ್ಲವನ್ನೂ ಅಂಗಳಕ್ಕೆ ತಂದು ಹರಾಜು ಶುರುಮಾಡಿ. ತಂಡದಲ್ಲಿ ಮಾತುಗಾರ ಹುಡುಗ ಒಬ್ಬ ಇದ್ದೇ ಇರುತ್ತಾನೆ, ಮೈಕು ಅವನ ಕೈಗೆ ಕೊಡಿ. ಒಂದು ಕೋಳಿಗೆ ಬೀಗರಿಬ್ಬರೂ ಪೈಪೋಟಿಗೆ ಬಿದ್ದು ಕೂಗಲಿ. ದುಡ್ಡು ಹೇಗೂ ಚರ್ಚಿನ ಕಾಣಿಕೆಗೇ ಹೋಗುತ್ತದೆ.