ಎರಿ ಮಣ್ಣು ಎಷ್ಟು ಉಬ್ಬುತ್ತದೆ? ಮನೆಯಲ್ಲೇ ಅಳೆದು ನೋಡಿ

ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ಬಿರುಕಿಗೆ ಕೈ ಹಾಕಿದರೆ ಸಲೀಸಾಗಿ ಒಳಗಿಳಿಯುತ್ತದೆ. ಮಳೆ ಬಿದ್ದರೆ ಅದೇ ಬಿರುಕು ಮುಚ್ಚಿಹೋಗುತ್ತದೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಈ ಆಟ ಇಷ್ಟಿಲ್ಲ. ಯಾಕೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ.

ಮೊದಲು ಮಣ್ಣನ್ನು ಚೆನ್ನಾಗಿ ಒಣಗಿಸಿ. ಲ್ಯಾಬಿನಲ್ಲಿ ಓವನ್ ಬಳಸುತ್ತಾರೆ, ಮನೆಯಲ್ಲಿ ಎರಡು ದಿನ ಕಡುಬಿಸಿಲು ಸಾಕು. ಕುಟ್ಟಿ, ಮೈದಾ ಸೋಸುವ ಸಾಣಿಗೆಯಲ್ಲಿ ಜರಡಿ ಹಿಡಿಯಿರಿ.

ಈಗ 100 ಮಿ.ಲೀ. ಅಳತೆಯ ಎರಡು ಗಾಜಿನ ಸಿಲಿಂಡರ್ ತಗೊಂಡು ತಲಾ 10 ಗ್ರಾಂ ಮಣ್ಣು ಹಾಕಿ. ಒಂದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ತುಂಬಿ. (ಈಗ ಚಿಮಣಿ ಎಣ್ಣೆ ಹುಡುಕುವುದೇ ದೊಡ್ಡ ಕೆಲಸ! ಸಿಕ್ಕರೆ ಒಲೆಯಿಂದ ದೂರ ಇಡಿ.) ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ, 24 ಗಂಟೆ ಮುಟ್ಟಬೇಡಿ.

ಮರುದಿನ ಮಣ್ಣು ಎಲ್ಲಿವರೆಗೆ ನಿಂತಿದೆ ನೋಡಿ. ಎಣ್ಣೆಯಲ್ಲಿ 10, ನೀರಿನಲ್ಲಿ 17 ಮಿ.ಲೀ. ಇದ್ದರೆ ಹೆಚ್ಚಾದದ್ದು 7. ಅದನ್ನು ಎಣ್ಣೆಯಲ್ಲಿ ಬಂದ 10ರಿಂದ ಭಾಗಿಸಿ 100ರಿಂದ ಗುಣಿಸಿ: 70 ಶೇಕಡ. ಅಷ್ಟು ಬಂದರೆ ಅಡಿಪಾಯ ತೋಡುವ ಮುಂಚೆ ಎಂಜಿನಿಯರನ್ನು ಕೇಳುವುದು ಒಳ್ಳೆಯದು. ನಮ್ಮ ಹಿತ್ತಲ ಗೋಡೆ ಕಟ್ಟುವಾಗ ನಾನು ಕೇಳಲಿಲ್ಲ, ಈಗ ಅದರ ಬಿರುಕಿನಲ್ಲಿ ಹಲ್ಲಿ ಸಂಸಾರ ಮಾಡಿದೆ.

ನೀರಿನಲ್ಲೇ ಯಾಕೆ ಉಬ್ಬಿತು? ಎರಿ ಮಣ್ಣಿನ ಜೇಡಿಯ ಕಣವೆಂದರೆ ಅಟ್ಟಿ ಹಾಕಿದ ಕಟಕ ರೊಟ್ಟಿ ಇದ್ದ ಹಾಗೆ. ಒಂದೊಂದು ರೊಟ್ಟಿಯೊಳಗೂ ಎರಡು ಸಿಲಿಕಾ ಹಾಳೆ, ನಡುವೆ ಒಂದು ಅಲ್ಯುಮಿನಾ ಹಾಳೆ. ಎಲ್ಲ ಸೇರಿ ದಪ್ಪ ಸುಮಾರು 1 ನ್ಯಾನೊಮೀಟರ್. ಇಲೈಟ್ ಎಂಬ ಖನಿಜದಲ್ಲಿ ರೊಟ್ಟಿಗಳ ನಡುವೆ ಪೊಟ್ಯಾಸಿಯಂ ಕೂತು ಬೆಲ್ಲದ ಪಾಕದಂತೆ ಅಂಟಿಸಿಬಿಡುತ್ತದೆ, ನೀರು ನುಗ್ಗುವುದಿಲ್ಲ. ಸ್ಮೆಕ್ಟೈಟ್ ಎಂಬ ಇನ್ನೊಂದು ಖನಿಜದಲ್ಲಿ ಹಿಡಿತ ಸಡಿಲ. ಅಲ್ಲಿರುವ ಕ್ಯಾಲ್ಸಿಯಂ, ಸೋಡಿಯಂ ನೀರನ್ನು ಎಳೆದುಕೊಂಡು ರೊಟ್ಟಿಗಳನ್ನು ದೂರ ತಳ್ಳುತ್ತವೆ. ಚಿಮಣಿ ಎಣ್ಣೆಯನ್ನು ಹಾಗೆ ಎಳೆದುಕೊಳ್ಳುವುದಿಲ್ಲ. ಎರಿ ಮಣ್ಣಿನಲ್ಲಿ ಈ ಸ್ಮೆಕ್ಟೈಟೇ ಜಾಸ್ತಿ.

ಮಜಾ ಇರುವುದು ಮಿಶ್ರಪದರದ ಜೇಡಿಯಲ್ಲಿ. ಒಂದೇ ಅಟ್ಟಿಯಲ್ಲಿ ಕೆಲವು ರೊಟ್ಟಿ ಅಂಟಿರುತ್ತವೆ, ಕೆಲವು ಸಡಿಲ. ಕೆಲವೊಮ್ಮೆ ಒಂದು ಬಿಟ್ಟು ಒಂದರಂತೆ ಕ್ರಮವಾಗಿ, ಕೆಲವೊಮ್ಮೆ ಅಡ್ಡಾದಿಡ್ಡಿ. ಎರಡು ಮಣ್ಣು ಸುಮ್ನೆ ಬೆರೆಸಿದ್ದಲ್ಲ ಇದು, ಕುಟ್ಟಿ ಜರಡಿ ಹಿಡಿದರೂ ಬೇರೆಯಾಗುವುದಿಲ್ಲ. ಸಡಿಲ ಪದರ ಹೆಚ್ಚಿದ್ದಷ್ಟೂ ಉಬ್ಬು ಹೆಚ್ಚು.

ಸಿಲಿಂಡರ್ ಉಬ್ಬನ್ನಷ್ಟೇ ಹೇಳುತ್ತದೆ. ಪದರಗಳ ಲೆಕ್ಕಕ್ಕೆ ಎಕ್ಸ್‌ರೇ ಬೇಕು. ಗ್ಲೈಕಾಲ್ ಎಂಬ ದ್ರವ ಕುಡಿಸಿದ ಮೇಲೆ ಸ್ಮೆಕ್ಟೈಟಿನಲ್ಲಿ ಒಂದು ರೊಟ್ಟಿಯ ತಳದಿಂದ ಮುಂದಿನ ರೊಟ್ಟಿಯ ತಳದವರೆಗಿನ ಅಂತರ ಸುಮಾರು 1.7 ನ್ಯಾನೊಮೀಟರ್‌ಗೆ ಹಿಗ್ಗುತ್ತದೆ, ಇಲೈಟ್ 1ರಲ್ಲೇ ಉಳಿಯುತ್ತದೆ. ಎಕ್ಸ್‌ರೇಯಲ್ಲಿ ಮೂಡುವ ಮಿಶ್ರಪದರದ ಗೆರೆಗಳು ಇವೆರಡಕ್ಕೂ ಸರಿಯಾಗಿ ಹೊಂದದೆ ಜಾಗ ಬದಲಿಸುತ್ತವೆ. ಎಷ್ಟು ಬದಲಿಸಿವೆ ಅನ್ನುವುದರಿಂದಲೇ ಅಂಟಿದ ರೊಟ್ಟಿ ಎಷ್ಟು, ಸಡಿಲ ಎಷ್ಟು ಅಂತ ಲೆಕ್ಕ ಹಾಕುತ್ತಾರೆ.