ವೆಬ್ ರಿಕ್ವೆಸ್ಟ್ ಕಳಿಸುವ ಕ್ರಮ: ಮೆಥಡ್ ಸರಿಯಿರಲಿ, ಹೆಡರ್ ಸುಳ್ಳು ಹೇಳದಿರಲಿ

ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ನೋಡಲು ಕುಳಿತಾಗ ಪದೇ ಪದೇ ಕಿವಿಗೆ ಬೀಳುವ ಮಾತು: “ಸರ್, ನಮ್ಮ ಕಡೆಯಿಂದ ಡೇಟಾ ಹೋಗುತ್ತಿದೆ, ಸರ್ವರ್‌ಗೆ ಮಾತ್ರ ಖಾಲಿ ಬರುತ್ತಿದೆ.” ಅಷ್ಟು ಹೊತ್ತಿಗೆ ಅವರು ಡೇಟಾಬೇಸ್ ಬದಲಿಸಿ, ಲೈಬ್ರರಿ ಬದಲಿಸಿ, ಲ್ಯಾಪ್‌ಟಾಪನ್ನು ರಿಸ್ಟಾರ್ಟ್ ಮಾಡಿಯೂ ಮುಗಿಸಿರುತ್ತಾರೆ. ನಿಜವಾಗಿ ಹೊರಗೆ ಹೋಗಿದ್ದೇನು ಎಂದು ನೋಡಿದವರು ಮಾತ್ರ ಒಬ್ಬರೂ ಇರುವುದಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು: ಡೇಟಾದ ವಿವರ ಬರೆದಿರುವ ಹೆಡರ್ ಹೇಳುವುದು ಒಂದು, ಒಳಗಿರುವುದು ಇನ್ನೊಂದು. ಹಾಗಾಗಿ ಕೋಡ್‌ಗೆ ಕೈ ಹಾಕುವ ಮೊದಲು ರಿಕ್ವೆಸ್ಟನ್ನು, ಅಂದರೆ ಸರ್ವರ್‌ಗೆ ನೀವು ಕಳಿಸುವ ಕೋರಿಕೆಯನ್ನು, ಓದಲು ಕಲಿಯಿರಿ.

ಈ ಲೇಖನದಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪಿಸುವಾಗ ಮೆಥಡ್, ಹೆಡರ್, ಕಮಾಂಡ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

ಹಂತ 1: ನೋಡುವ ಕಿಟಕಿ ತೆರೆಯಿರಿ

ಬ್ರೌಸರ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋಗಿ. ಅಲ್ಲಿ ‘ಪ್ರಿಸರ್ವ್ ಲಾಗ್’ ಎಂಬುದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಪುಟ ಬದಲಾದ ಕೂಡಲೇ ಹಿಂದಿನ ದಾಖಲೆ ಅಳಿಸಿ ಹೋಗುತ್ತದೆ, ಮುಖ್ಯವಾದ ರೀಡೈರೆಕ್ಟ್‌ಗಳು ಕಣ್ಣಿಗೇ ಬೀಳುವುದಿಲ್ಲ.

ಇದರ ಜೊತೆಗೆ ಕರ್ಲ್ ಇರಲಿ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಈ ಹೆಸರಿನಲ್ಲಿ ಬಿಡುಗಡೆ ಮಾಡುತ್ತಾ ಬಂದಿರುವ, ಕಮಾಂಡ್ ಬರೆದು ರಿಕ್ವೆಸ್ಟ್ ಕಳಿಸುವ ಸಣ್ಣ ಉಚಿತ ಸಾಧನ ಅದು. ಲಿನಕ್ಸ್, ಮ್ಯಾಕ್, ಹೊಸ ವಿಂಡೋಸ್ ಎಲ್ಲದರಲ್ಲೂ ಸಿಗುತ್ತದೆ. ‘ಹೈಫನ್ ವಿ’ ಆಯ್ಕೆ ಕೊಟ್ಟರೆ ಹೋದ ಹೆಡರ್‌ಗಳು ಬಲಕ್ಕೆ ತಿರುಗಿದ ಬಾಣದ ಗುರುತಿನೊಂದಿಗೂ, ಬಂದವು ಎಡಕ್ಕೆ ತಿರುಗಿದ ಗುರುತಿನೊಂದಿಗೂ ಕಾಣುತ್ತವೆ. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಮಾತ್ರ ‘ಕರ್ಲ್’ ಎಂದು ಬರೆದರೆ ಬೇರೆಯದೇ ಕಮಾಂಡ್ ಓಡುತ್ತದೆ, ‘ಕರ್ಲ್.ಇಎಕ್ಸ್‌ಇ’ ಎಂದು ಪೂರ್ತಿ ಬರೆಯಿರಿ. ಪಿಡಿಎಫ್‌ನಿಂದ ಅಥವಾ ವರ್ಡ್ ಕಡತದಿಂದ ಕಮಾಂಡ್ ನಕಲು ಮಾಡಿದರೆ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ ಬರುತ್ತವೆ, ಕಮಾಂಡ್ ಕೆಡುತ್ತದೆ. ಅವನ್ನು ಕೈಯಿಂದಲೇ ತಿದ್ದಿ. ರಿಕ್ವೆಸ್ಟ್ ಕಳಿಸಲು ಖಾತೆ ತೆರೆಯಿರಿ, ಲಾಗಿನ್ ಆಗಿ ಎನ್ನುವ ದೊಡ್ಡ ಗಾತ್ರದ ಆ್ಯಪ್‌ಗಳನ್ನು ಕಲಿಯುವ ಹಂತದಲ್ಲಿ ನಾನು ಒಪ್ಪುವುದಿಲ್ಲ. ಅವು ಅರ್ಧ ಹೆಡರ್‌ಗಳನ್ನು ತಾವೇ ತುಂಬಿ ಸುಮ್ಮನಾಗುತ್ತವೆ. ಕಲಿಯುವವರಿಗೆ ಅವು ಎಲ್ಲಿಂದ ಬಂದವು ಎಂಬುದೇ ತಿಳಿಯುವುದಿಲ್ಲ.

ಹಂತ 2: ರಿಕ್ವೆಸ್ಟ್‌ನ ಆಕಾರ ಗುರುತಿಸಿ

ಅತಿ ಚಿಕ್ಕ ರಿಕ್ವೆಸ್ಟ್ ಹೀಗಿರುತ್ತದೆ:

ಗೆಟ್ / ಎಚ್‌ಟಿಟಿಪಿ/1.1
ಹೋಸ್ಟ್: ಎಕ್ಸಾಂಪಲ್.ಕಾಮ್
ಕೊನೆಗೊಂದು ಖಾಲಿ ಸಾಲು

ಮೊದಲ ಸಾಲಿನಲ್ಲಿ ಏನು ಮಾಡಬೇಕೆಂದು ಹೇಳುವ ಮೆಥಡ್, ವಿಳಾಸದ ಹಾದಿ, ಮತ್ತು ಎಚ್‌ಟಿಟಿಪಿ ಎಂಬ ವೆಬ್ ನಿಯಮಾವಳಿಯ ಆವೃತ್ತಿ. ನಂತರ ಸಾಲಿಗೊಂದರಂತೆ ಹೆಡರ್‌ಗಳು. ಆ ಮೇಲಿನ ಖಾಲಿ ಸಾಲು ಅಲಂಕಾರಕ್ಕಲ್ಲ, ಹೆಡರ್‌ಗಳು ಮುಗಿದವು ಎಂದು ಸರ್ವರ್‌ಗೆ ತಿಳಿಯುವುದೇ ಅದರಿಂದ. ಕಳಿಸುವ ಡೇಟಾ ಇದ್ದರೆ, ಅಂದರೆ ಬಾಡಿ ಇದ್ದರೆ, ಅದು ಖಾಲಿ ಸಾಲಿನ ನಂತರ.

1991ರಲ್ಲಿ ಸರ್ನ್‌ನಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಬಳಸಿದ ಮೊದಲ ಆವೃತ್ತಿಯಲ್ಲಿ ಹೆಡರ್‌ಗಳೇ ಇರಲಿಲ್ಲ. ಇದ್ದದ್ದು ‘ಗೆಟ್’ ಒಂದೇ. ಸರ್ವರ್ ಪುಟ ಕಳಿಸಿ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಪುಟದ ಜೊತೆ ಚಿತ್ರ, ಫಾರ್ಮ್, ಬೇರೆ ಬೇರೆ ಭಾಷೆಗಳೆಲ್ಲ ಬರತೊಡಗಿದ ಮೇಲೆ “ಒಳಗೆ ಏನಿದೆ” ಎಂದು ಹೊರಗೇ ಹೇಳುವ ಅಗತ್ಯ ಬಿತ್ತು. 1996ರಲ್ಲಿ ದಾಖಲಾದ 1.0 ಆವೃತ್ತಿಯಲ್ಲಿ ಹೆಡರ್‌ಗಳಿವೆ. ಒಂದೇ ಐಪಿ ವಿಳಾಸದಲ್ಲಿ ಹತ್ತಾರು ಜಾಲತಾಣಗಳು ಕುಳಿತ ಕಾಲಕ್ಕೆ ಬಂದ 1.1ರಲ್ಲಿ ‘ಹೋಸ್ಟ್’ ಕಡ್ಡಾಯವಾಯಿತು. ಅದಿಲ್ಲದಿದ್ದರೆ 400, ಅಂದರೆ ರಿಕ್ವೆಸ್ಟ್ ತಪ್ಪಾಗಿದೆ ಎಂಬ ಉತ್ತರ. ಈಗಿನ ಎಚ್‌ಟಿಟಿಪಿ/2 ಮತ್ತು 3ರಲ್ಲಿ ಇವೆಲ್ಲ ಬೈನರಿ ರೂಪದಲ್ಲಿ ಹೋಗುತ್ತವೆ, ಆದರೆ ಅರ್ಥ ಅದೇ.

ಹಂತ 3: ಮೆಥಡ್ ಆರಿಸಿ

ಓದುವುದಕ್ಕೆ ಗೆಟ್. ಹೆಡರ್‌ಗಳು ಮಾತ್ರ ಸಾಕಾದರೆ ಹೆಡ್. ಹೊಸದನ್ನು ಸಲ್ಲಿಸಲು ಪೋಸ್ಟ್. ಇರುವುದನ್ನು ಪೂರ್ತಿ ಬದಲಿಸಲು ಪುಟ್, ಸ್ವಲ್ಪ ತಿದ್ದಲು ಪ್ಯಾಚ್, ತೆಗೆಯಲು ಡಿಲೀಟ್. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಬಾಯಿಪಾಠವಾಗದೇ ಉಳಿಯುವುದು ಇದರ ಹಿಂದಿರುವ ಎರಡು ಮಾತುಗಳು.

ಒಂದು, ಗೆಟ್‌ನಿಂದ ಏನೂ ಬದಲಾಗಬಾರದು. ಏಕೆಂದರೆ ಗೆಟ್ ಕಳಿಸುವವರು ಮನುಷ್ಯರೇ ಆಗಬೇಕೆಂದಿಲ್ಲ. 2005ರಲ್ಲಿ ಗೂಗಲ್ ‘ವೆಬ್ ಆಕ್ಸಿಲರೇಟರ್’ ಎಂಬ ತಂತ್ರಾಂಶ ಬಿಟ್ಟಿತು. ಪುಟ ಬೇಗ ತೆರೆಯಲೆಂದು ಅದು ಪುಟದಲ್ಲಿದ್ದ ಲಿಂಕ್‌ಗಳನ್ನೆಲ್ಲ ಮುಂಚಿತವಾಗಿ ತೆರೆದಿಡುತ್ತಿತ್ತು. ಬೇಸ್‌ಕ್ಯಾಂಪ್‌ನಂಥ ಆ್ಯಪ್‌ಗಳಲ್ಲಿ ‘ಅಳಿಸು’ ಎಂಬುದೂ ಒಂದು ಸಾದಾ ಲಿಂಕ್ ಆಗಿತ್ತು. ಬಳಕೆದಾರರು ಮುಟ್ಟದಿದ್ದರೂ ಅವರ ಮಾಹಿತಿ ಮಾಯವಾಯಿತು. ಇಂದು ಆ ಕೆಲಸವನ್ನು ಚಾಟ್ ಆ್ಯಪ್‌ಗಳ ಲಿಂಕ್ ಪ್ರಿವ್ಯೂಗಳೂ, ಮೇಲ್‌ನಲ್ಲಿ ವೈರಸ್ ಹುಡುಕುವ ಸ್ಕ್ಯಾನರ್‌ಗಳೂ ಮಾಡುತ್ತಿವೆ. ಹಾಗಿದ್ದೂ ‘ಅನುಮೋದಿಸು’ ಎಂಬುದನ್ನು ಗೆಟ್ ಲಿಂಕ್ ಮಾಡಿ ಮೇಲ್‌ನಲ್ಲಿ ಕಳಿಸುವವರು ಇನ್ನೂ ಇದ್ದಾರೆ. ಪಾಸ್‌ವರ್ಡ್, ಒಟಿಪಿಗಳನ್ನು ಗೆಟ್‌ನ ವಿಳಾಸದಲ್ಲಿ ಸೇರಿಸುವುದಂತೂ ಬೇಡವೇ ಬೇಡ. ಅವು ಸರ್ವರ್‌ನ ಲಾಗ್‌ನಲ್ಲೂ ಬ್ರೌಸರ್‌ನ ಇತಿಹಾಸದಲ್ಲೂ ಹಾಗೆಯೇ ಉಳಿಯುತ್ತವೆ.

ಎರಡು, ಪುಟ್ ಮತ್ತು ಡಿಲೀಟ್‌ಗಳನ್ನು ಮತ್ತೊಮ್ಮೆ ಕಳಿಸಿದರೂ ಫಲ ಒಂದೇ. ಎರಡನೇ ಡಿಲೀಟ್‌ಗೆ 404 (ಸಿಗಲಿಲ್ಲ) ಬರಬಹುದು, ಆದರೆ ಕಡತ ಇಲ್ಲದಿರುವುದು ಇಲ್ಲದೆಯೇ ಇರುತ್ತದೆ. ಪೋಸ್ಟ್ ಹಾಗಲ್ಲ, ಎರಡು ಸಲ ಹೋದರೆ ಎರಡು ಆರ್ಡರ್. ಇದಕ್ಕೆ ಹಂತ 5ರಲ್ಲಿ ಬರುತ್ತೇನೆ.

ಹಂತ 4: ಬಾಡಿ ಮತ್ತು ಅದರ ಹೆಡರ್‌ಗಳು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ. ಚೆಕ್‌ಪೋಸ್ಟ್‌ನಲ್ಲಿ ಲಾರಿಯ ಮೂಟೆ ಬಿಚ್ಚುವ ಮೊದಲು ಬಿಲ್ ನೋಡುವಂತೆ, ಸರ್ವರ್ ಬಾಡಿಯನ್ನು ಮುಟ್ಟುವ ಮೊದಲು ಎರಡು ಹೆಡರ್ ಓದುತ್ತದೆ: ಸರಕು ಯಾವುದು ಎನ್ನುವ ‘ಕಂಟೆಂಟ್-ಟೈಪ್’, ಎಷ್ಟು ಎನ್ನುವ ‘ಕಂಟೆಂಟ್-ಲೆಂಗ್ತ್’.

ಮೊದಲು ಟೈಪ್. ಕರ್ಲ್‌ನಲ್ಲಿ ‘ಹೈಫನ್ ಡಿ’ ಹಾಕಿ ಡೇಟಾ ಕೊಟ್ಟರೆ ಅದು ತಾನಾಗಿಯೇ ಪೋಸ್ಟ್ ಆಗುತ್ತದೆ, ಮತ್ತು ಟೈಪ್ ‘ಅಪ್ಲಿಕೇಶನ್/ಎಕ್ಸ್-ಡಬ್ಲ್ಯುಡಬ್ಲ್ಯುಡಬ್ಲ್ಯು-ಫಾರ್ಮ್-ಯುಆರ್‌ಎಲ್‌ಎನ್‌ಕೋಡೆಡ್’ ಎಂದು ಹೋಗುತ್ತದೆ. ನೀವು ಕೊಟ್ಟಿದ್ದು ಜೇಸನ್ (ಹೆಸರು-ಮೌಲ್ಯಗಳ ಜೋಡಿಯಾಗಿ ಡೇಟಾ ಬರೆಯುವ ರೂಪ) ಆಗಿದ್ದರೂ ಅಷ್ಟೆ. ಸರ್ವರ್ ಅದನ್ನು ಫಾರ್ಮ್ ಎಂದು ಬಿಡಿಸಲು ಹೋಗಿ, ನೀವು ಹುಡುಕುವ ಹೆಸರಿನಲ್ಲಿ ಏನೂ ಸಿಗದೆ, ಖಾಲಿ ಎನ್ನುತ್ತದೆ. ಕಟ್ಟುನಿಟ್ಟಿನ ಸರ್ವರ್ ಆದರೆ 415, ಅಂದರೆ ಈ ಟೈಪ್ ನಡೆಯದು ಎಂದು ಹೇಳಿ ವಾಪಸ್ ಕಳಿಸುತ್ತದೆ. ಅಂಥದ್ದು ಸಿಕ್ಕರೆ ಪುಣ್ಯ. 2022ರ ನಂತರದ ಕರ್ಲ್‌ನಲ್ಲಿ ‘ಜೇಸನ್’ ಎಂಬುದೇ ಒಂದು ಆಯ್ಕೆ ಇದೆ, ಅದನ್ನು ಬಳಸಿ.

ಕಡತ ಅಪ್‌ಲೋಡ್ ಮಾಡುವವರ ತಪ್ಪು ಇದಕ್ಕೆ ಉಲ್ಟಾ. ಅಲ್ಲಿ ಟೈಪ್ ‘ಮಲ್ಟಿಪಾರ್ಟ್/ಫಾರ್ಮ್-ಡೇಟಾ’ ಎಂದಿರಬೇಕು ಎಂದು ಓದಿ, ಅದನ್ನು ಜಾವಾಸ್ಕ್ರಿಪ್ಟ್ ಕೋಡ್‌ನಲ್ಲಿ ಕೈಯಾರೆ ಬರೆಯುತ್ತಾರೆ. ಆ ಹೆಡರ್‌ನ ಕೊನೆಯಲ್ಲಿ ‘ಬೌಂಡರಿ’ ಎಂಬ ಗುರುತೂ ಇರಬೇಕು. ಬಾಡಿಯ ತುಂಡುಗಳ ನಡುವಿನ ಗಡಿ ಅದು. ನೀವು ಏನೂ ಬರೆಯದಿದ್ದರೆ ಬ್ರೌಸರ್ ತಾನೇ ಗಡಿ ಹುಟ್ಟಿಸಿ ಹೆಡರ್‌ಗೂ ಸೇರಿಸುತ್ತದೆ. ನೀವು ಬರೆದರೆ ಗಡಿಯಿಲ್ಲದ ಹೆಡರ್ ಹೋಗುತ್ತದೆ, ಸರ್ವರ್‌ಗೆ ಕಡತ ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯುವುದಿಲ್ಲ. ಆ ಸಾಲನ್ನು ಅಳಿಸಿಬಿಡಿ.

ಈಗ ಉದ್ದ. ಇಂಗ್ಲಿಷ್‌ನಲ್ಲಿ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದವರ ಆ್ಯಪ್ ಕನ್ನಡ ಬರೆದ ಕೂಡಲೇ ಕುಸಿಯುವುದು ಇಲ್ಲಿ. ‘ಕನ್ನಡ’ ಎಂಬ ಪದವನ್ನೇ ಕಳಿಸಿ ನೋಡಿ. ಕಣ್ಣಿಗೆ ಅದು ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಕ, ನ, ಒತ್ತಿಗಾಗಿ ಬರುವ ಹಲಂತ, ಮತ್ತೊಂದು ನ, ಡ. ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ ಬರುವ ಉತ್ತರವೂ 5. ಆದರೆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಹಾಗಾಗಿ ಹೊರಗೆ ಹೋಗುವುದು 15 ಬೈಟ್. ಕಂಟೆಂಟ್-ಲೆಂಗ್ತ್ ಕೇಳುವುದು ಬೈಟ್‌ಗಳ ಲೆಕ್ಕವನ್ನು.

ಅಲ್ಲಿ 5 ಎಂದು ಬರೆದರೆ ಏನಾಗುತ್ತದೆ? ಸರ್ವರ್ ಐದು ಬೈಟ್ ಓದಿ ನಿಲ್ಲಿಸುತ್ತದೆ. ಅದರ ಕೈಗೆ ಬಂದಿದ್ದು ಒಂದು ಪೂರ್ತಿ ‘ಕ’, ಮುಂದಿನ ‘ನ’ದ ಮೂರರಲ್ಲಿ ಎರಡು ಬೈಟ್. ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಾಣುವುದು ಈ ಕಾರಣಕ್ಕೆ. ಉಳಿದ 10 ಬೈಟ್‌ಗಳು ಅದೇ ಸಂಪರ್ಕದಲ್ಲಿ ಬಿದ್ದಿರುತ್ತವೆ, ಸರ್ವರ್ ಅವನ್ನು ಮುಂದಿನ ರಿಕ್ವೆಸ್ಟ್‌ನ ಮೊದಲ ಸಾಲೆಂದು ಓದುತ್ತದೆ. ಹೀಗಾಗಿ ನೆಟ್ಟಗೆ ಬರೆದಿದ್ದ ಎರಡನೇ ರಿಕ್ವೆಸ್ಟ್‌ಗೆ 400 ಬರುತ್ತದೆ, ನೀವು ಅಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಅದೇ 20 ಎಂದು ಬರೆದರೆ, ಬಾರದ ಐದು ಬೈಟ್‌ಗಾಗಿ ಸರ್ವರ್ ಕಾಯುತ್ತಾ ಕೂತು ಟೈಮ್‌ಔಟ್ ಆಗುತ್ತದೆ. ಉಪಾಯ ಸರಳ: ಈ ಹೆಡರನ್ನು ಎಂದೂ ಕೈಯಿಂದ ಬರೆಯಬೇಡಿ, ಲೈಬ್ರರಿಗೆ ಬಿಡಿ. ಬರೆಯಲೇಬೇಕಾದರೆ ಮೊದಲು ಯುಟಿಎಫ್-8ಕ್ಕೆ ಬದಲಿಸಿ, ಆಮೇಲೆ ಎಣಿಸಿ.

ಕರ್ಲ್‌ನಲ್ಲಿ ಇನ್ನೂ ಎರಡು ಬಲೆಗಳಿವೆ. ‘ಹೈಫನ್ ಡಿ’ಗೆ ಕಡತ ಕೊಟ್ಟರೆ ಅದು ಸಾಲು ಮುರಿಯುವ ಗುರುತುಗಳನ್ನೆಲ್ಲ ತೆಗೆದುಹಾಕುತ್ತದೆ, ವಚನ ಕಳಿಸಿದರೆ ಗದ್ಯವಾಗಿ ತಲುಪುತ್ತದೆ. ‘ಡೇಟಾ-ಬೈನರಿ’ ಬಳಸಿ. ಫಾರ್ಮ್ ರೂಪದಲ್ಲಿ ಕನ್ನಡ ಹೋಗಬೇಕಾದರೆ ‘ಡೇಟಾ-ಯುಆರ್‌ಎಲ್‌ಎನ್‌ಕೋಡ್’ ಬೇಕು. ಆಗ ಪ್ರತಿ ಬೈಟ್ ಪರ್ಸೆಂಟ್ ಚಿಹ್ನೆಯೂ ಸೇರಿ ಮೂರು ಅಕ್ಷರವಾಗಿ, ‘ಕನ್ನಡ’ 45 ಅಕ್ಷರಗಳಷ್ಟು ಉದ್ದವಾಗುತ್ತದೆ. ಗಾಬರಿ ಬೇಡ, ಅದು ಸರಿಯೇ.

ಉತ್ತರ ಕಳಿಸುವಾಗಲೂ ಟೈಪ್‌ನ ಜೊತೆ ‘ಕ್ಯಾರ್‌ಸೆಟ್=ಯುಟಿಎಫ್-8’ ಎಂದು ಸೇರಿಸಿ. ಸೇರಿಸದಿದ್ದರೆ ಕೆಲವು ಬ್ರೌಸರ್‌ಗಳು ಪಾಶ್ಚಾತ್ಯ ಲಿಪಿಯೆಂದು ಊಹಿಸಿ, ಒಂದೊಂದು ಕನ್ನಡ ಸಂಕೇತವನ್ನೂ ಮೂರು ವಿಚಿತ್ರ ಚಿಹ್ನೆಗಳಾಗಿ ತೋರಿಸುತ್ತವೆ. “ಫಾಂಟ್ ಇಲ್ಲ” ಎಂದು ಫಾಂಟ್ ಇನ್‌ಸ್ಟಾಲ್ ಮಾಡುವವರನ್ನು ನೋಡಿದ್ದೇನೆ. ಫಾಂಟ್ ಇಲ್ಲದಿದ್ದರೆ ಚೌಕಗಳು ಕಾಣುತ್ತವೆ. ತಲೆಯ ಮೇಲೆ ಗೆರೆಯಿರುವ ಲ್ಯಾಟಿನ್ ಅಕ್ಷರಗಳು ಕಂಡರೆ ತಪ್ಪು ಹೆಡರ್‌ನದು.

ಹಂತ 5: ಉತ್ತರ ಓದಿ, ಮತ್ತೆ ಕಳಿಸುವ ಮುನ್ನ ಯೋಚಿಸಿ

2ರಿಂದ ಶುರುವಾದರೆ ಕೆಲಸ ಆಯಿತು, 3 ಎಂದರೆ ಬೇರೆಡೆ ಹೋಗಿ, 4 ಎಂದರೆ ನಿಮ್ಮ ತಪ್ಪು, 5 ಎಂದರೆ ಅವರ ತಪ್ಪು. ಸಂಖ್ಯೆ ನೋಡಿ ನಿಲ್ಲಬೇಡಿ. ಈ ಮೆಥಡ್ ನಡೆಯದು ಎನ್ನುವ 405ರ ಜೊತೆ ‘ಅಲೌ’ ಹೆಡರ್‌ನಲ್ಲಿ ಯಾವ ಮೆಥಡ್ ನಡೆಯುತ್ತದೆ ಎಂದು ಬರೆದಿರಬೇಕು. ರಿಕ್ವೆಸ್ಟ್ ಅತಿಯಾಯಿತು ಎನ್ನುವ 429 ಬಂದರೆ ಎಷ್ಟು ಹೊತ್ತು ಕಾಯಬೇಕೆಂದು ‘ರಿಟ್ರೈ-ಆಫ್ಟರ್’ ಹೇಳಬಹುದು.

3ರ ಗುಂಪಿನಲ್ಲಿ ಒಂದು ಮೋಸವಿದೆ. ವಿಳಾಸದ ಕೊನೆಯ ಓರೆಗೆರೆ ಬಿಟ್ಟುಹೋಗಿದ್ದರೆ ಸರ್ವರ್ 301 ಕಳಿಸಿ ಸರಿಯಾದ ವಿಳಾಸ ತೋರಿಸುತ್ತದೆ. ಬ್ರೌಸರ್ ಅಲ್ಲಿಗೆ ಹೋಗುವಾಗ ಪೋಸ್ಟ್ ಅನ್ನು ಗೆಟ್ ಮಾಡಿ, ಬಾಡಿಯನ್ನು ಬಿಸಾಕಿ ಹೋಗುತ್ತದೆ. “ಪೋಸ್ಟ್ ಕಳಿಸಿದರೆ ಗೆಟ್ ಆಗುತ್ತಿದೆ” ಎಂಬ ಗೋಳಿಗೆ ಸಾಮಾನ್ಯವಾಗಿ ಇದೇ ಕಾರಣ. ಮೆಥಡ್ ಹಾಗೇ ಉಳಿಯಬೇಕಾದರೆ ಸರ್ವರ್ 307 ಅಥವಾ 308 ಕೊಡಬೇಕು. ಕರ್ಲ್‌ನಲ್ಲಿ ‘ಹೈಫನ್ ದೊಡ್ಡ ಎಕ್ಸ್’ ಹಾಕಿ ಪೋಸ್ಟ್ ಎಂದು ಒತ್ತಾಯಿಸುವ ಅಭ್ಯಾಸ ಬಿಡಿ. ರೀಡೈರೆಕ್ಟ್ ಹಿಂಬಾಲಿಸುವಾಗ ಗೆಟ್ ಆಗಬೇಕಾದಲ್ಲೂ ಅದು ಪೋಸ್ಟನ್ನೇ ಕಳಿಸುತ್ತದೆ.

ಇನ್ನು ಉತ್ತರವೇ ಬಾರದಿದ್ದರೆ? ಗೆಟ್, ಪುಟ್, ಡಿಲೀಟ್ ಆದರೆ ಮತ್ತೆ ಕಳಿಸಿ. ಹಣ ಕಡಿತದ ಪೋಸ್ಟ್ ಆದರೆ ಕೈ ತಡೆಯಿರಿ: ರಿಕ್ವೆಸ್ಟ್ ತಲುಪಿ ಉತ್ತರ ಮಾತ್ರ ಕಳೆದುಹೋಗಿರಬಹುದು. ಪೇಮೆಂಟ್ ಸೇವೆಗಳು ಇದಕ್ಕೆಂದೇ ‘ಐಡೆಂಪೊಟೆನ್ಸಿ-ಕೀ’ ಎಂಬ ಹೆಡರ್ ಸ್ವೀಕರಿಸುವುದುಂಟು. ಒಂದು ಪಾವತಿಗೆ ಒಂದೇ ಕೀ ಇಟ್ಟು ಎಷ್ಟು ಸಲ ಕಳಿಸಿದರೂ ಕಡಿತ ಒಮ್ಮೆ ಮಾತ್ರ. ನಿಮ್ಮದೇ ಸರ್ವರ್ ಆದರೆ ಪೋಸ್ಟ್‌ಗೆ 303 ಉತ್ತರ ಕೊಟ್ಟು ರಸೀದಿ ಪುಟಕ್ಕೆ ಕಳಿಸಿ. ಗ್ರಾಹಕರು ರಿಫ್ರೆಶ್ ಒತ್ತಿದರೂ ಆರ್ಡರ್ ದುಪ್ಪಟ್ಟಾಗುವುದಿಲ್ಲ. “ರಿಫ್ರೆಶ್ ಮಾಡಬೇಡಿ” ಎಂದು ಕೆಂಪಕ್ಷರದಲ್ಲಿ ಬರೆಯುವುದು ಸೋಮಾರಿಗಳ ದಾರಿ.

ಹಂತ 6: ಬ್ರೌಸರ್ ತಡೆದರೆ

ಕರ್ಲ್‌ನಲ್ಲಿ ನಡೆಯುವುದು ಬ್ರೌಸರ್‌ನಲ್ಲಿ ನಡೆಯದಿದ್ದರೆ ಅದು ಸಾಮಾನ್ಯವಾಗಿ ಕಾರ್ಸ್, ಅಂದರೆ ಒಂದು ಜಾಲತಾಣದ ಕೋಡ್ ಇನ್ನೊಂದರ ಉತ್ತರ ಓದಬಹುದೇ ಎಂದು ಬ್ರೌಸರ್ ಮಾಡುವ ತಪಾಸಣೆ. ಬೇರೆ ಜಾಲತಾಣಕ್ಕೆ ಜೇಸನ್ ಕಳಿಸುವ ಮೊದಲು ಬ್ರೌಸರ್ ‘ಆಪ್ಷನ್ಸ್’ ಮೆಥಡ್‌ನಲ್ಲಿ ಅನುಮತಿ ಕೇಳುತ್ತದೆ. ಅನುಮತಿಯ ಹೆಡರ್ ಕೊಡಬೇಕಾದ್ದು ಆ ಕಡೆಯ ಸರ್ವರ್. ತಪಾಸಣೆಯನ್ನೇ ಆರಿಸುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಡಿ: ನಿಮ್ಮೊಬ್ಬರ ಯಂತ್ರದಲ್ಲಿ ಸರಿಹೋಗಿ ಬಳಕೆದಾರರಲ್ಲಿ ಕೆಡುತ್ತದೆ, ನಿಮ್ಮ ಬ್ರೌಸರ್‌ನ ಬಾಗಿಲೂ ತೆರೆದಿರುತ್ತದೆ. ‘ನೋ-ಕಾರ್ಸ್’ ಆಯ್ಕೆಯಂತೂ ಇನ್ನೂ ಕೆಟ್ಟದ್ದು. ದೋಷದ ಸಂದೇಶ ಮಾಯವಾಗುತ್ತದೆ, ಉತ್ತರ ಓದಲು ಸಿಗುವುದಿಲ್ಲ.

ಹಂತ 7: ಹಳೆಯ ಪುಟ ಬರುತ್ತಿದ್ದರೆ

ಒಮ್ಮೆ ಬಂದ ಪುಟವನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗವೇ ಕ್ಯಾಶ್. ಅದಕ್ಕೆ ಸೂಚನೆ ಕೊಡುವ ‘ಕ್ಯಾಶ್-ಕಂಟ್ರೋಲ್’ ಹೆಡರ್‌ನಲ್ಲಿ ‘ನೋ-ಕ್ಯಾಶ್’ ಎಂದರೆ ಇಟ್ಟುಕೊಳ್ಳಬೇಡಿ ಎಂದಲ್ಲ. ಇಟ್ಟುಕೊಳ್ಳಿ, ಆದರೆ ಪ್ರತಿ ಸಲ ಕೇಳಿ ಬಳಸಿ ಎಂದು. ಇಟ್ಟುಕೊಳ್ಳಲೇಬಾರದು ಎಂದಾದರೆ ‘ನೋ-ಸ್ಟೋರ್’. ಅಂಕಪಟ್ಟಿ, ಬ್ಯಾಂಕ್ ವಿವರಗಳಿಗೆ ಎರಡನೆಯದೇ ಬೇಕು.

ಒಂದೇ ವಿಳಾಸದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಪುಟ ಎರಡನ್ನೂ ಕೊಡುವವರು ಉತ್ತರದಲ್ಲಿ ‘ವೇರಿ: ಆಕ್ಸೆಪ್ಟ್-ಲ್ಯಾಂಗ್ವೇಜ್’ ಎಂದು ಬರೆಯಲೇಬೇಕು. ಬರೆಯದಿದ್ದರೆ ಮೊದಲು ಬಂದವರ ಭಾಷೆಯ ಪುಟವೇ ಮಧ್ಯದ ಕ್ಯಾಶ್‌ನಲ್ಲಿ ಕುಳಿತು ಎಲ್ಲರಿಗೂ ಹಂಚಿಕೆಯಾಗುತ್ತದೆ. ನನ್ನನ್ನು ಕೇಳಿದರೆ ಕನ್ನಡಕ್ಕೆ ಬೇರೆ ವಿಳಾಸವನ್ನೇ ಕೊಡಿ. ಫೋನನ್ನು ಇಂಗ್ಲಿಷ್‌ನಲ್ಲಿಟ್ಟುಕೊಂಡು ಕನ್ನಡ ಓದುವವರು ನಮ್ಮಲ್ಲಿ ಬಹಳ. ಪರೀಕ್ಷಿಸಲು ಕರ್ಲ್‌ನಲ್ಲಿ ಆಕ್ಸೆಪ್ಟ್-ಲ್ಯಾಂಗ್ವೇಜ್‌ಗೆ ಒಮ್ಮೆ ‘ಕೆಎನ್’, ಇನ್ನೊಮ್ಮೆ ‘ಇಎನ್’ ಕೊಟ್ಟು ಕಳಿಸಿ. ಎರಡೂ ಸಲ ಒಂದೇ ಪುಟ ಬಂದರೆ ಉತ್ತರದಲ್ಲಿ ‘ಏಜ್’ ಹೆಡರ್ ಹುಡುಕಿ. ಅದು ಇದ್ದರೆ ಪುಟ ಬಂದಿದ್ದು ಕ್ಯಾಶ್‌ನಿಂದ, ತಿದ್ದಬೇಕಾದ್ದು ವೇರಿಯನ್ನು. ಇಲ್ಲದಿದ್ದರೆ ಬಹುಶಃ ನಿಮ್ಮ ಸರ್ವರ್ ಭಾಷೆಯ ಹೆಡರನ್ನು ಓದುತ್ತಲೇ ಇಲ್ಲ.